ಮಾಜಿ ಗಂಡ ಸಹಿ ಹಾಕದಿದ್ದರೆ ಮಗುವಿನ ಪಾಸ್‌ಪೋರ್ಟ್, ದುಬೈ ಪ್ರಯಾಣ

ವಿಚ್ಛೇದನ ಆಗಿದೆ, ಮಗುವನ್ನು ದುಬೈಯಲ್ಲಿರುವ ಅಣ್ಣನ ಮನೆಗೆ ಕರೆದೊಯ್ಯಬೇಕು, ಆದರೆ ಮಗುವಿನ ಪಾಸ್‌ಪೋರ್ಟ್ ಅರ್ಜಿ ಪಯ್ಯನ್ನೂರಿನ ಪಾಸ್‌ಪೋರ್ಟ್ ಕೇಂದ್ರದಲ್ಲಿ ನಿಂತಿದೆ, ಏನು ಮಾಡಲಿ ಅಂತ ಕೇಳಿದ್ದೀರಿ. ಅದು ನಿಂತದ್ದು ಬಹುಶಃ ಅರ್ಜಿಯ ಜೊತೆ ಅನೆಕ್ಸರ್ ಡಿ ಅನ್ನುವ ಘೋಷಣಾ ಪತ್ರ ಕೊಟ್ಟದ್ದರಿಂದ. ಅದಕ್ಕೆ ಅಪ್ಪ ಅಮ್ಮ ಇಬ್ಬರ ಸಹಿಯೂ ಬೇಕು. ಮಾಜಿ ಗಂಡ ಸಹಿ ಹಾಕುವುದಿಲ್ಲ ಅಂತೀರಿ, ಹಾಗಿದ್ದರೆ ನೀವು ಕೊಡಬೇಕಾದದ್ದು ಅನೆಕ್ಸರ್ ಸಿ, ಅಂದರೆ ಇನ್ನೊಬ್ಬರ ಒಪ್ಪಿಗೆ ಇಲ್ಲದಾಗ ಅಪ್ಪ ಅಥವಾ ಅಮ್ಮ ಒಬ್ಬರೇ ಕೊಡುವ ಘೋಷಣಾ ಪತ್ರ.

ಮೊದಲು ವಿಚ್ಛೇದನದ ಆದೇಶ ತೆಗೆದು ಪೂರ್ತಿ ಓದಿ. ಮಗು ಯಾರ ಸುಪರ್ದಿಯಲ್ಲಿ, ಅಪ್ಪನಿಗೆ ಭೇಟಿಯ ಹಕ್ಕು ಇದೆಯಾ, ವಿದೇಶಕ್ಕೆ ಒಯ್ಯಬಾರದು ಅಂತ ಎಲ್ಲಾದರೂ ಇದೆಯಾ, ನೋಡಿ. ಸುಪರ್ದಿ ನಿಮಗೇ ಇದ್ದು ತಡೆ ಏನೂ ಇಲ್ಲದಿದ್ದರೆ ಆದೇಶದ ದೃಢೀಕೃತ ಪ್ರತಿ ಜೊತೆ ಅನೆಕ್ಸರ್ ಸಿ ಕೊಡಿ. ಅದರಲ್ಲಿ ಇದ್ದದ್ದನ್ನು ಇದ್ದ ಹಾಗೆಯೇ ಬರೆಯಿರಿ. ಕೇಸು ನಡೆಯುತ್ತಿರುವುದನ್ನು ಮುಚ್ಚಿಟ್ಟರೆ ಪಾಸ್‌ಪೋರ್ಟ್ ಕಾಯ್ದೆಯ 10ನೇ ಕಲಂ ಪ್ರಕಾರ ಪಾಸ್‌ಪೋರ್ಟನ್ನು ಆಮೇಲೆ ವಶಪಡಿಸಿಕೊಳ್ಳಬಹುದು.

ಭೇಟಿಯ ಹಕ್ಕು ಇದ್ದರೆ ಪಾಸ್‌ಪೋರ್ಟ್ ಕೈಗೆ ಬಂತು ಅಂತ ಹೊರಡಬೇಡಿ. ಆದೇಶ ಕೊಟ್ಟ ಫ್ಯಾಮಿಲಿ ಕೋರ್ಟಿನಲ್ಲೇ ಪ್ರಯಾಣದ ಅನುಮತಿಗೆ ಅರ್ಜಿ ಹಾಕಿಸಿ. ಹೋಗುವ ಮತ್ತು ಬರುವ ತಾರೀಕು, ದುಬೈಯಲ್ಲಿ ಅಣ್ಣನ ವಿಳಾಸ, ಶಾಲೆ ಶುರುವಾಗುವ ದಿನ ಎಲ್ಲ ಅದರಲ್ಲಿ ಇರಲಿ. ತಪ್ಪಿಹೋಗುವ ಭೇಟಿಗಳಿಗೆ ಬದಲಿ ದಿನ, ದಿನಾ ವೀಡಿಯೋ ಕಾಲ್, ಇಷ್ಟನ್ನು ನೀವೇ ಮುಂದಾಗಿ ಬರೆಯಿರಿ. ಮಗುವನ್ನು ವಾಪಸ್ ಕರೆತರುವುದಿಲ್ಲ ಅನ್ನುವುದೇ ಆ ಕಡೆಯವರ ಮುಖ್ಯ ತಕರಾರು ಆಗುತ್ತದೆ. ಬೇರೆ ದೇಶಕ್ಕೆ ಒಯ್ದ ಮಗುವನ್ನು ವಾಪಸ್ ಕಳಿಸುವ ಬಗ್ಗೆ ದೇಶಗಳು ಮಾಡಿಕೊಂಡ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ, ಹಾಗಾಗಿ ಆ ಭಯ ಪೂರ್ತಿ ಸುಳ್ಳೂ ಅಲ್ಲ. ಕೋರ್ಟು ಮುಚ್ಚಳಿಕೆಯೋ ಜಾಮೀನೋ ಕೇಳಬಹುದು.

ಕೋರ್ಟಿಗೆ ಹೋಗುವ ಮೊದಲು ಮಾಜಿ ಗಂಡನ ಒಪ್ಪಿಗೆಯನ್ನು ವಾಟ್ಸಾಪ್‌ನಲ್ಲಿ ತಾರೀಕು ಸಮೇತ ಕೇಳಿ. ಜಗಳ ಬೇಡ. ಬೇಡ ಅಂದರೂ ಸುಮ್ಮನಿದ್ದರೂ ಅದು ದಾಖಲೆ ಆಗುತ್ತದೆ.

ಆದೇಶಕ್ಕೆ ಎಷ್ಟು ದಿನ ಹಿಡಿಯುತ್ತದೆ ಅನ್ನುವುದು ಅವರ ತಕರಾರಿನ ಮೇಲೆ ನಿಂತಿದೆ. ಬೇಸಗೆ ರಜೆಗೆ ಹೋಗುವುದಾದರೆ ಈಗಲೇ ವಕೀಲರನ್ನು ನೋಡಿ, ಟಿಕೆಟ್ ಆಮೇಲೆ.