ಹಳೇ ರೈಲು ಕರ್ವ್‌ನ ಸರ್ವೆ ಪಾಯಿಂಟ್‌ಗಳಿಗೆ ಯಾವ ಸ್ಪ್ಲೈನ್ ಹಾಕಿದರೆ ವ್ಯತ್ಯಾಸ ಕಡಿಮೆ ಬರುತ್ತದೆ?

ಯಾವ ಸ್ಪ್ಲೈನೂ, ಅಂದರೆ ಪಾಯಿಂಟ್‌ಗಳನ್ನು ಸೇರಿಸುವ ಯಾವ ನುಣುಪು ಗೆರೆಯೂ, ಬೇಡ ಮಾರಾಯ್ರೆ. ಹತ್ತು ಮೀಟರಿಗೊಂದು ಪಾಯಿಂಟ್ ಉಂಟು, ಪಾಯಿಂಟಿಗೂ ಗೆರೆಗೂ ವ್ಯತ್ಯಾಸ ಆದಷ್ಟು ಕಡಿಮೆ ಆಗಬೇಕು ಅಂತ ಬರೆದಿದ್ದೀರಿ. ನಾವೂ ಇದನ್ನೇ ಬೆನ್ನು ಹತ್ತಿ ಹೋಗಿ ಪೆಟ್ಟು ತಿಂದವರು.

ಆಗ ನಾನು ಮಂಗಳೂರಿನ ಒಂದು ಸಣ್ಣ ಸರ್ವೆ ತಂಡದಲ್ಲಿದ್ದೆ. ಬಂಟ್ವಾಳದ ಕಡೆ ಒಂದು ಕರ್ವ್. ಒಟ್ಟು ತಿರುವು ಸುಮಾರು 20 ಡಿಗ್ರಿ, ನಡುವಿನಲ್ಲಿ ಒಂದು ಗರ್ಡರ್ ಸೇತುವೆ. ಮಳೆಗಾಲ ಆಗಷ್ಟೇ ಮುಗಿದಿತ್ತು, ಇಳಿಜಾರಿನಲ್ಲಿ ಸೊಂಟದೆತ್ತರ ಹುಲ್ಲು. ಪಾಯಿಂಟ್ ಎಲ್ಲ ಚೆನ್ನಾಗೇ ಬಂದಿದ್ದವು. ಕೆಟ್ಟದ್ದು ಆಫೀಸಿನಲ್ಲಿ.

ಸ್ಕ್ರೀನಿನಲ್ಲಿ ಎಲ್ಲಿ ಬಾಗಿದ ಹಾಗೆ ಕಂಡಿತೋ ಅಲ್ಲಿಂದ ಅಲ್ಲಿಯವರೆಗಿನ ಪಾಯಿಂಟ್ ಎಲ್ಲ ತೆಗೆದುಕೊಂಡೆವು. ಎರಡೂ ಕಡೆಯ ಸ್ಟ್ರೇಟ್‌ಗೆ, ಅಂದರೆ ನೇರ ಹಳಿಗೆ, ತಾಗುವ ಹಾಗೆ ಒಂದೇ ವೃತ್ತ ಕೂರಿಸಿದೆವು. ತ್ರಿಜ್ಯ 886 ಮೀಟರ್ ಬಂತು. ವ್ಯತ್ಯಾಸ ಎಲ್ಲೂ 13 ಸೆಂಟಿಮೀಟರ್ ದಾಟಲಿಲ್ಲ. ಹಳೇ ಹಳಿ, ಅಷ್ಟು ಸರಿದಿರಬಹುದು ಅಂತ ಬಿಟ್ಟೆವು. ಆ 13 ಸೆಂಟಿಮೀಟರ್ ಕರ್ವ್‌ನ ಎರಡು ತುದಿಗಳ ಹತ್ತಿರ ಮಾತ್ರ, ಅದೂ ಎರಡು ಕಡೆಯೂ ಒಂದೇ ಥರ ಇತ್ತು. ಸರಿದ ಹಳಿ ಅಷ್ಟು ಶಿಸ್ತಾಗಿ ಸರಿಯುತ್ತದಾ? ಅಲ್ಲೇ ನಿಂತು ನೋಡಬೇಕಿತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸ್ಟ್ರೇಟ್‌ನಿಂದ ಹಳಿ ನೇರವಾಗಿ ವೃತ್ತಕ್ಕೆ ಹೋಗುವುದಿಲ್ಲ, ನಡುವೆ ಬಾಗು ನಿಧಾನಕ್ಕೆ ಹೆಚ್ಚುವ ಒಂದು ತುಂಡು, ಟ್ರಾನ್ಸಿಷನ್, ಇರುತ್ತದೆ. ನಮ್ಮ ರೈಲ್ವೆಯಲ್ಲಿ ಅದು ಕ್ಯೂಬಿಕ್ ಪ್ಯಾರಾಬೋಲಾ. ಅದಕ್ಕೆ ಜಾಗ ಮಾಡಿಕೊಡಲು ವೃತ್ತ ಸ್ಟ್ರೇಟ್‌ನ ಗೆರೆಯಿಂದ ಸ್ವಲ್ಪ ಒಳಗೆ ಕೂತಿರುತ್ತದೆ. ಇದೇ ಶಿಫ್ಟ್. ಟ್ರಾನ್ಸಿಷನ್ ಉದ್ದದ ವರ್ಗವನ್ನು ತ್ರಿಜ್ಯದ 24 ಪಟ್ಟಿನಿಂದ ಭಾಗಿಸಿದರೆ ಸಿಗುತ್ತದೆ. ಆ ಕರ್ವ್‌ನ ನಿಜವಾದ ತ್ರಿಜ್ಯ 875 ಮೀಟರ್, ಟ್ರಾನ್ಸಿಷನ್ 60 ಮೀಟರ್. ಶಿಫ್ಟ್ 17 ಸೆಂಟಿಮೀಟರ್. ಸ್ಟ್ರೇಟ್‌ಗೆ ತಾಗಲೇಬೇಕು ಅಂತ ನಾವು ಕಟ್ಟಿಹಾಕಿದ್ದರಿಂದ, ನಮ್ಮ ವೃತ್ತ ಆ ಶಿಫ್ಟನ್ನು ನುಂಗಿಕೊಂಡು 11 ಮೀಟರ್ ಉಬ್ಬಿತ್ತು. ಆಮೇಲೆ ಅದೇ ವೃತ್ತಕ್ಕೆ ಸಾಫ್ಟ್‌ವೇರ್‌ನಲ್ಲಿ 60 ಮೀಟರ್ ಟ್ರಾನ್ಸಿಷನ್ ಸೇರಿಸಿದೆವು. ಅದು ಇನ್ನೊಂದು ಶಿಫ್ಟ್ ಹಾಕಿತು. ಒಂದೇ ಶಿಫ್ಟ್ ಎರಡು ಸಲ ಲೆಕ್ಕಕ್ಕೆ ಬಂತು. ಸೇತುವೆಯ ಮೇಲೆ ಹಳಿಯನ್ನು 17 ಸೆಂಟಿಮೀಟರ್ ಒಳಗೆ ಸರಿಸಿ ಅಂತ ನಮ್ಮ ಡ್ರಾಯಿಂಗ್ ಹೇಳಿತು! ಜಲ್ಲಿ ಮೇಲಿನ ಹಳಿಯನ್ನಾದರೂ ತಳ್ಳಬಹುದು. ಗರ್ಡರ್ ಮೇಲೆ ಎಲ್ಲಿಗೆ ತಳ್ಳುವುದು?

ಡ್ರಾಯಿಂಗ್ ವಾಪಸ್ ಬಂತು. ಸೈಟಿಗೆ ಹೋದರೆ ಅಲ್ಲಿನ ಹಿರಿಯ ಟ್ರ್ಯಾಕ್‌ಮನ್ ಒಬ್ಬರು 20 ಮೀಟರ್ ದಾರ ಎಳೆದು ನಡುವಿನಲ್ಲಿ ಸ್ಕೇಲ್ ಹಿಡಿದರು. 57 ಮಿಲಿಮೀಟರ್. 20 ಮೀಟರ್ ದಾರಕ್ಕೆ 50,000ವನ್ನು ಆ ಮಿಲಿಮೀಟರಿನಿಂದ ಭಾಗಿಸಿದರೆ ತ್ರಿಜ್ಯ ಮೀಟರಿನಲ್ಲಿ ಸಿಗುತ್ತದೆ: 877. ಹುಲ್ಲಿನೊಳಗೆ ಕರ್ವ್‌ನ ಲೆಕ್ಕ ಬರೆದ ಕರ್ವ್ ಬೋರ್ಡ್ ಕೂಡ ಇತ್ತು, ನಾವೇ ನೋಡಿರಲಿಲ್ಲ. ಎರಡನೇ ಸಲದ ಕೆಲಸಕ್ಕೆ ದುಡ್ಡು ಸಿಗಲಿಲ್ಲ, ಮುಂದಿನ ಕೆಲಸವೂ ಬೇರೆಯವರ ಪಾಲಾಯಿತು.

ಹಾಗಾಗಿ ನೀವು ಮೊದಲು ವರ್ಸೈನ್ ಗ್ರಾಫ್ ಹಾಕಿ. ವರ್ಸೈನ್ ಅಂದರೆ ಆ ಟ್ರ್ಯಾಕ್‌ಮನ್ ಅಳೆದದ್ದೇ, ದಾರದ ನಡುವಿನಿಂದ ಹಳಿಗೆ ಇರುವ ಅಂತರ; ಕಾರ್ಡ್ ಅಂದರೆ ಆ ದಾರ. ಕಾರ್ಡ್ 20 ಮೀಟರ್ ಬೇಡ, 40 ತೆಗೆದುಕೊಳ್ಳಿ. ಪಾಯಿಂಟಿನ ತಪ್ಪು ಅಷ್ಟೇ ಇರುತ್ತದೆ, ವರ್ಸೈನ್ ಮಾತ್ರ ನಾಲ್ಕು ಪಟ್ಟು ಆಗುತ್ತದೆ. ಕೊಂಕಣ ರೈಲ್ವೆಯ ಹಾಗೆ 1250 ಮೀಟರ್ ತ್ರಿಜ್ಯ ಇದ್ದರೆ 20 ಮೀಟರ್ ಕಾರ್ಡ್‌ಗೆ ಬರುವುದು ಬರೀ 40 ಮಿಲಿಮೀಟರ್. ಪಾಯಿಂಟ್‌ಗಳಲ್ಲಿ ಐದೈದು ಮಿಲಿಮೀಟರ್ ಹೆಚ್ಚುಕಡಿಮೆ ಆದರೆ ಏನೂ ಗೊತ್ತಾಗುವುದಿಲ್ಲ. ಗ್ರಾಫ್ ಏರಿ, ಸಮವಾಗಿ ಹೋಗಿ, ಇಳಿಯುತ್ತದೆ. ಸಮ ಇರುವ ಕಡೆಯ ಪಾಯಿಂಟ್‌ಗಳಿಗೆ ಮಾತ್ರ ವೃತ್ತ ಕೂರಿಸಿ, ಯಾವ ಸ್ಟ್ರೇಟ್‌ಗೂ ಕಟ್ಟಬೇಡಿ. ಸ್ಟ್ರೇಟ್‌ಗಳು ಬೇರೆಯೇ. ಆಮೇಲೆ ವೃತ್ತಕ್ಕೂ ಸ್ಟ್ರೇಟ್‌ಗೂ ನಡುವೆ ಎಷ್ಟು ಅಂತರ ಉಳಿಯುತ್ತದೋ ಅದೇ ಶಿಫ್ಟ್. ಅದರಿಂದ ಟ್ರಾನ್ಸಿಷನ್ ಉದ್ದ ತಾನಾಗಿ ಸಿಗುತ್ತದೆ.

ಇನ್ನು "ಕಡಿಮೆ ವ್ಯತ್ಯಾಸ" ಅನ್ನುವ ನಿಮ್ಮ ಗುರಿಯೇ ನನಗೆ ಒಪ್ಪಿಗೆ ಇಲ್ಲ. ಸ್ಪ್ಲೈನ್ ಎಲ್ಲ ಪಾಯಿಂಟ್ ಮೇಲೂ ಹಾಯಬಹುದು, ಆದರೆ ಹಳಿ ಸರಿದದ್ದನ್ನೂ ಡಿಸೈನ್ ಅಂತ ಒಪ್ಪಿಕೊಂಡ ಹಾಗಾಯಿತು. ಸೇತುವೆ, ಪ್ಲಾಟ್‌ಫಾರ್ಮ್, ಪಾಯಿಂಟ್ಸ್ ಅಂಡ್ ಕ್ರಾಸಿಂಗ್ (ರೈಲು ಒಂದು ಹಳಿಯಿಂದ ಇನ್ನೊಂದಕ್ಕೆ ಹೋಗುವ ಜಾಗ) ಇರುವಲ್ಲಿ ಮಿಲಿಮೀಟರ್ ಲೆಕ್ಕ. ಉಳಿದ ಕಡೆ ಮೂರು ನಾಲ್ಕು ಸೆಂಟಿಮೀಟರ್ ಸರಿಸಲು ಬಂದರೆ ಸರಿಸಲಿ ಬಿಡಿ, ಪಕ್ಕದಲ್ಲಿ ಜಾಗ ಉಂಟಾ ಅಂತ ಮಾತ್ರ ನೋಡಿಕೊಳ್ಳಿ.

ಒಂದು ಊರಿನ ವಿಷಯ. ನೀವು ಉಡುಪಿಯವರು ಅಂತ ಬರೆದಿದ್ದೀರಿ. ನಮ್ಮ ಕರಾವಳಿ ಯುಟಿಎಂ ಅನ್ನುವ ನಕ್ಷೆಯ ಗ್ರಿಡ್‌ನ 43ನೇ ವಲಯದ ನಡುಗೆರೆಯ, ಅಂದರೆ 75 ಡಿಗ್ರಿ ರೇಖಾಂಶದ, ಪಕ್ಕದಲ್ಲೇ ಇದೆ. ಅಲ್ಲಿ ಸ್ಕೇಲ್ 0.9996. ಜಿಪಿಎಸ್ ಗ್ರಿಡ್ ಮೇಲೆ ಅಳೆದರೆ ಕಿಲೋಮೀಟರಿಗೆ 40 ಸೆಂಟಿಮೀಟರ್ ಕಡಿಮೆ ತೋರಿಸುತ್ತದೆ. ತ್ರಿಜ್ಯಕ್ಕೆ ಅದು ಲೆಕ್ಕಕ್ಕಿಲ್ಲ, ಚೈನೇಜ್, ಅಂದರೆ ಹಳಿಯುದ್ದಕ್ಕೂ ಎಣಿಸುವ ದೂರ, ಮಾತ್ರ ಕೆಡುತ್ತದೆ.

ಅಂದ ಹಾಗೆ ಅಳೆಯುವಾಗ ಪ್ರಿಸಂ (ಸರ್ವೆ ಉಪಕರಣ ಗುರಿ ಇಡುವ ಗಾಜು) ಯಾವ ಹಳಿಯ ಮೇಲೆ ಇಟ್ಟಿರಿ, ಒಳಗಿನದ್ದೋ ಹೊರಗಿನದ್ದೋ? ನೀವು ಬರೆದಿಲ್ಲ. ಗೇಜ್, ಅಂದರೆ ಎರಡು ಹಳಿಗಳ ನಡುವಿನ ಅಂತರ, 1676 ಮಿಲಿಮೀಟರ್. ಕರ್ವ್ ನಡುವೆ ಹಳಿ ಬದಲಾಯಿಸಿದ್ದರೆ ಗ್ರಾಫ್‌ನಲ್ಲಿ ಅಲ್ಲೇ ದೊಡ್ಡ ಜಿಗಿತ ಕಾಣುತ್ತದೆ. ಆ ಗ್ರಾಫ್ ಹಾಕಿ, ನೋಡಿ ಹೇಳುತ್ತೇನೆ.