ಓದುಗರ ಪ್ರಶ್ನೆ: ಸಭೆಯವರೆಲ್ಲ ಕೂಡಿ ಸತ್ಯವೇದ ಓದುವುದು ಹೇಗೆ?

ಪ್ರಶ್ನೆ: ಮಾನ್ಯ ಅಯ್ಯನವರಿಗೆ ವಂದನೆಗಳು. ಹೊಸ ವರ್ಷದ ಆರಾಧನೆಯಂದು ನಮ್ಮ ಸಭೆಯವರು ಒಂದೇ ವರ್ಷದಲ್ಲಿ ಇಡೀ ಸತ್ಯವೇದವನ್ನು (ಬೈಬಲನ್ನು) ಓದಿ ಮುಗಿಸಬೇಕೆಂದು ತೀರ್ಮಾನಿಸಿ, ದಿನಕ್ಕೆ 3 ಅಧ್ಯಾಯ, ಭಾನುವಾರ 5 ಎಂಬ ಪಟ್ಟಿಯನ್ನು ಮನೆಮನೆಗೆ ಹಂಚಿದೆವು. ಫೆಬ್ರವರಿ ಮೊದಲ ವಾರ ಮೂರನೆಯ ಪುಸ್ತಕವಾದ ಯಾಜಕಕಾಂಡಕ್ಕೆ ಬರುವಷ್ಟರಲ್ಲಿ 60 ಮನೆಗಳಲ್ಲಿ ಏಳೆಂಟು ಮನೆಯವರು ಮಾತ್ರ ಓದುತ್ತಿದ್ದರು. ವಯಸ್ಸಾದವರಿಗೆ ಅಕ್ಷರ ಕಾಣದು, ಕೆಲವರಿಗೆ ಓದಲೇ ಬಾರದು, ಯೌವನಸ್ಥರು ಭಾಷೆ ಹಳೆಯದೆನ್ನುತ್ತಾರೆ. ಕಷ್ಟದ ಭಾಗಗಳನ್ನು ಬಿಟ್ಟು ಮುಂದುವರಿಯಬಹುದೇ? ಇಲ್ಲವೇ ಈ ಪ್ರಯತ್ನವನ್ನೇ ನಿಲ್ಲಿಸಬೇಕೇ?
— ಸಭೆಯ ಕಾರ್ಯದರ್ಶಿಯೊಬ್ಬರು, ಗದಗ ಜಿಲ್ಲೆ

ಉತ್ತರ: ನಿಲ್ಲಿಸಬೇಡಿರಿ, ಓದುವ ರೀತಿಯನ್ನು ಬದಲಿಸಿಕೊಳ್ಳಿರಿ. ನಿಮ್ಮ ಲೆಕ್ಕದಲ್ಲಿ ತಪ್ಪಿಲ್ಲ, 66 ಪುಸ್ತಕಗಳ 1,189 ಅಧ್ಯಾಯಗಳು ಆ ಕ್ರಮದಲ್ಲಿ 52 ವಾರಗಳಿಗೆ ಮುಗಿಯುತ್ತವೆ. ಸ್ಕಾಟ್ಲೆಂಡಿನ ಡಂಡೀ ಪಟ್ಟಣದ ಸಭಾಪಾಲಕರಾಗಿದ್ದ ರಾಬರ್ಟ್ ಮರ್ರೆ ಮೆಕ್‌ಚೇನ್ ಅವರು 1842ರಲ್ಲಿ ತಮ್ಮ ಸಭೆಗೆ ಇದಕ್ಕಿಂತ ಭಾರವಾದ, ದಿನಕ್ಕೆ 4 ಅಧ್ಯಾಯಗಳ ಪಟ್ಟಿಯನ್ನು ಮಾಡಿಕೊಟ್ಟಿದ್ದರು. ಅವುಗಳಲ್ಲಿ ಎರಡನ್ನು ಮನೆಯವರೆಲ್ಲ ಕೂಡಿ, ಎರಡನ್ನು ಏಕಾಂತದಲ್ಲಿ ಓದಬೇಕಿತ್ತು. ಇಂಥ ಓದು ಬರೀ ವಾಡಿಕೆಯಾಗಿಬಿಡಬಹುದು, ಕೆಲವರಿಗೆ ಹೊರಲಾರದ ನೊಗವಾಗಬಹುದು ಎಂಬ ಎಚ್ಚರಿಕೆಯನ್ನೂ ಅವರೇ ಆ ಪಟ್ಟಿಯ ಜೊತೆಗೆ ಬರೆದಿದ್ದರು.

ನಿಮ್ಮಲ್ಲಿಯೂ ಅದು ನೊಗವೇ ಆಗಿದೆ. 60 ಮನೆಗಳಿಗೆ ಒಂದೇ ಪಟ್ಟಿ ಹೋಯಿತಾದರೂ ಓದಲು ಕುಳಿತಾಗ ಪ್ರತಿಯೊಬ್ಬರೂ ಒಬ್ಬಂಟಿಯಾದರು, ಓದಲು ಬಾರದವರಂತೂ ಮೊದಲ ದಿನವೇ ಹೊರಗುಳಿದರು. ಇದು ನನಗೆ ನಿಜವಾಗಿಯೂ ನೋವಿನ ಸಂಗತಿ, ಏಕೆಂದರೆ ಈ ಗ್ರಂಥವು ಮೊದಲಿನಿಂದಲೂ ಕಿವಿಯ ಮೂಲಕವೇ ಜನರನ್ನು ಮುಟ್ಟಿದೆ. ಕೊಲೊಸ್ಸೆಯವರಿಗೆ ಬರೆದ ಪತ್ರವನ್ನು ಲವೊದಿಕೀಯದ ಸಭೆಯಲ್ಲಿಯೂ ಓದಿಸಬೇಕೆಂದು ಪೌಲನು ಹೇಳಿದಾಗ, ಆ ಸಭೆಗಳಲ್ಲಿ ಓದು ಬಲ್ಲವರು ಕೆಲವರೇ ಇದ್ದರು. ಉಳಿದವರು ಕೂತು ಕೇಳಿದರು. ನೆಹೆಮೀಯನ ಪುಸ್ತಕದ 8ನೆಯ ಅಧ್ಯಾಯವನ್ನು ಒಮ್ಮೆ ನಿಮ್ಮ ಸಭಾ ಕಮಿಟಿಯಲ್ಲಿ ಗಟ್ಟಿಯಾಗಿ ಓದಿರಿ. ನೀರುಬಾಗಿಲಿನ ಮುಂದಿನ ಬಯಲಿನಲ್ಲಿ ಗಂಡಸರೂ ಹೆಂಗಸರೂ ಕೂಡಿ ಬಂದಿದ್ದಾರೆ. ಧರ್ಮಶಾಸ್ತ್ರ ಬಲ್ಲ ಯಾಜಕನಾದ ಎಜ್ರನು ಮರದ ಪೀಠದ ಮೇಲೆ ನಿಂತು ಬೆಳಗಿನಿಂದ ಮಧ್ಯಾಹ್ನದವರೆಗೆ ಓದುತ್ತಾನೆ. ದೇವಾಲಯದ ಸೇವೆಯ ಕುಲದವರಾದ ಲೇವಿಯರು ಜನರ ನಡುವೆ ನಿಂತು ಓದಿದ್ದರ ಅರ್ಥವನ್ನು ಬಿಡಿಸಿ ಹೇಳುತ್ತಾರೆ. ಕೇಳಿದ ಜನರು ಅಳುತ್ತಾರೆ.

ಯಾಜಕಕಾಂಡದ ವಿಷಯಕ್ಕೆ ಬರೋಣ. ಹಳ್ಳಿಯೊಂದರ ಸಭೆಯಲ್ಲಿ ನಾನು ಸೇವೆಯಲ್ಲಿದ್ದಾಗ ಬುಧವಾರದ ಮನೆ ಪ್ರಾರ್ಥನೆಯಲ್ಲಿ 19ನೆಯ ಅಧ್ಯಾಯವನ್ನು ಓದಿಸಿದ್ದೆ. ಹೊಲ ಕೊಯ್ಯುವಾಗ ಮೂಲೆಗಳನ್ನು ಪೂರಾ ಕೊಯ್ಯಬಾರದು, ಹಕ್ಕಲಾಯಬಾರದು, ಅದನ್ನು ಬಡವರಿಗೂ ಪರದೇಶದವರಿಗೂ ಬಿಡಬೇಕು ಎಂಬ ಮಾತು ಬಂದಾಗ, ಕಾಲೇಜಿಗೆ ಹೋಗುವ ಹುಡುಗನೊಬ್ಬ ಹಕ್ಕಲು ಎಂದರೇನೆಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ, ಒಂದಕ್ಷರವನ್ನೂ ಕಲಿಯದ ಆಯಿಯೊಬ್ಬರು ಗೋಡೆಗೆ ಒರಗಿದ್ದವರು ನೆಟ್ಟಗೆ ಕುಳಿತು, "ಜೋಳಾ ಕೊಯ್ದ ಮ್ಯಾಲೆ ಹೊಲದಾಗ ಬಿದ್ದ ತೆನಿ ಆರಿಸೋದಪ್ಪಾ. ನಾವು ಸಣ್ಣವರಿದ್ದಾಗ ಅದನ್ನ ಉಂಡ ಬೆಳದೇವಿ. ಮೂಲ್ಯಾಗ ನಾಕ ತೆನಿ ಬಿಟ್ಟವನ ಹೆಸರು ನನಗ ಇನ್ನೂ ನೆನಪೈತಿ" ಎಂದರು. ಆ ಸಂಜೆ ಅರ್ಥ ಬಿಡಿಸಿ ಹೇಳುವ ಲೇವಿಯರ ಕೆಲಸವನ್ನು ಅವರೇ ಮಾಡಿದರು. ಮುಂದೆ ರೂತಳ ಪುಸ್ತಕಕ್ಕೆ ಬಂದು, ವಿಧವೆಯಾದ ಆ ಮೋವಾಬ್ ದೇಶದವಳು ಬೋವಜನ ಹೊಲದಲ್ಲಿ ಹಕ್ಕಲಾಯುವುದನ್ನು ಓದಿದಾಗ, ಯಾಜಕಕಾಂಡದಲ್ಲಿದ್ದ ಆಜ್ಞೆ ಇಲ್ಲಿ ಒಬ್ಬಳಿಗೆ ಅನ್ನವಾಯಿತೆಂಬುದನ್ನು ಯಾರಿಗೂ ವಿವರಿಸಬೇಕಾಗಲಿಲ್ಲ. ಯಾಜಕಕಾಂಡವನ್ನು ಹಾರಿಸಿದ್ದರೆ ಇದು ನಮಗೆ ಸಿಗುತ್ತಿರಲಿಲ್ಲ. ಆದ್ದರಿಂದ ಬಿಡಬೇಡಿರಿ ಎಂದೇ ಹೇಳುತ್ತೇನೆ.

ವಾರಕ್ಕೆ 12 ಅಧ್ಯಾಯ ಇಟ್ಟುಕೊಂಡರೆ ಸುಮಾರು 100 ವಾರಗಳಲ್ಲಿ, ಅಂದರೆ ಎರಡು ವರ್ಷಕ್ಕೆ ಸ್ವಲ್ಪ ಮೊದಲೇ ಮುಗಿಯುತ್ತದೆ. ಅವುಗಳಲ್ಲಿ ಮೂರನ್ನೋ ನಾಲ್ಕನ್ನೋ ವಾರಕ್ಕೊಂದು ಸಂಜೆ ಯಾವುದಾದರೊಂದು ಮನೆಯಲ್ಲಿ ಕೂಡಿ ಗಟ್ಟಿಯಾಗಿ ಓದಿರಿ, ಉಳಿದವನ್ನು ಮನೆಗಳಲ್ಲಿ ಒಬ್ಬರು ಓದಿ ಮಿಕ್ಕವರು ಕೇಳಲಿ. ಓದುವವರನ್ನು ಒಂದು ವಾರ ಮೊದಲೇ ಗೊತ್ತುಮಾಡಿ, ಅವರು ಆ ಭಾಗವನ್ನು ಎರಡು ಸಲ ಬಾಯಿಬಿಟ್ಟು ಓದಿ, ಹೆಸರುಗಳಲ್ಲಿ ತೊಡರದಂತೆ ಸಿದ್ಧರಾಗಿ ಬರಬೇಕು. ಸಿದ್ಧತೆಯಿಲ್ಲದ ಓದು ಕೇಳುವವರನ್ನು ಎಷ್ಟು ಬೇಗ ದಣಿಸುತ್ತದೆಂಬುದನ್ನು ನಾನು ಬಹಳ ಸಲ ಕಂಡಿದ್ದೇನೆ. ಚರ್ಚೆಯೇನಿದ್ದರೂ ಓದು ಮುಗಿದ ಮೇಲೆ. ನ್ಯಾಯಸ್ಥಾಪಕರು 19ರಂಥ ಕ್ರೂರವಾದ ಅಧ್ಯಾಯಗಳನ್ನು ಮಕ್ಕಳಿಲ್ಲದ ಕೂಟದಲ್ಲಿ ಓದಿರಿ, ಆದರೆ ಓದಿರಿ. ಅಲ್ಲಿ ಸತ್ತ ಹೆಂಗಸಿನ ಸಂಗತಿಯನ್ನು ಗ್ರಂಥವೇ ಮುಚ್ಚಿಡದಿರುವಾಗ ನಾವು ಮುಚ್ಚಿಡುವುದು ಸರಿಯಲ್ಲ.

ಭಾಷೆ ಹಳೆಯದೆಂಬ ದೂರು ನ್ಯಾಯವಾದದ್ದೇ. ಬಳ್ಳಾರಿಯಲ್ಲಿ ಮಿಶನರಿ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರ ದುಡಿಮೆಯಿಂದ 1831ರಲ್ಲಿ ಇಡೀ ಸತ್ಯವೇದವು ಕನ್ನಡಕ್ಕೆ ಬಂತು; ಮುಂದೆ ಬಾಸೆಲ್ ಮಿಶನ್ನಿನ ವೈಗಲ್ ಮೊದಲಾದವರು ಅದನ್ನು ಪರಿಷ್ಕರಿಸಿದರು. ಹೀಗೆ ತಿದ್ದುವ ಪರಂಪರೆಯೇ ನಮ್ಮದಾಗಿರುವುದರಿಂದ ಹೊಸ ಅನುವಾದವನ್ನು ಓದಲು ಸಂಕೋಚ ಬೇಡ. ಕೂಟದಲ್ಲಿ ಓದುವುದಕ್ಕೆ ಮಾತ್ರ ಎಲ್ಲರೂ ಒಂದೇ ಅನುವಾದವನ್ನು ಹಿಡಿಯಿರಿ.

ಪ್ರಶ್ನೆ: ನಮ್ಮದು ಮುಂಬಯಿಯ ಕನ್ನಡ ಸಭೆ. ಮಕ್ಕಳು ಕನ್ನಡ ಮಾತಾಡುತ್ತಾರೆ, ಓದಲಾರರು. ಅವರಿಗಾಗಿ ಇಂಗ್ಲಿಷಿನಲ್ಲಿ ಬೇರೆ ಓದು ಇಡಬೇಕೇ?
— ತಾಯಿಯೊಬ್ಬರು, ಮುಂಬಯಿ

ಉತ್ತರ: ಬೇರೆ ಮಾಡಬೇಡಿರಿ, ತಾಯಿ. ಅವರ ಕಿವಿಗೆ ಕನ್ನಡ ಗೊತ್ತಿದೆ, ಅಷ್ಟು ಸಾಕು. 16 ಅಧ್ಯಾಯಗಳ ಮಾರ್ಕನ ಸುವಾರ್ತೆಯಿಂದ ಆರಂಭಿಸಿರಿ. ವೇಗವಾಗಿ ಸಾಗುವ ಕಥೆ, ಒಂದೇ ಸಂಜೆ ಕುಳಿತು ಪೂರ್ತಿ ಕೇಳಬಹುದು. ಅಜ್ಜಿಯೊಬ್ಬರು ಓದಲಿ, ಮಗು ಪಕ್ಕದಲ್ಲಿ ಕುಳಿತು ಸಾಲಿನ ಮೇಲೆ ಬೆರಳಾಡಿಸಲಿ. ನಮ್ಮ ಮನೆಯಲ್ಲಿ ನನ್ನ ಅಜ್ಜಿಯ ಬೆರಳಿನ ಹಿಂದೆ ಬೆರಳಿಟ್ಟೇ ನಾನು ಅಕ್ಷರ ಕಲಿತದ್ದು.