ತಿಳಿಸಾರಲ್ಲ, ಬೇಳೆನೇ ಬೇಕು

ಪ್ರಶ್ನೆ: ನಮ್ಮ ಯಜಮಾನರಿಗೆ 56 ವರ್ಷ. ಲಿವರ್ ಸಿರೋಸಿಸ್ (ಲಿವರ್ ಗಟ್ಟಿಯಾಗಿ ಕೆಡುವ ಕಾಯಿಲೆ) ಅಂತ ಗೊತ್ತಾಗಿ ಎರಡು ವರ್ಷ ಆಯ್ತು. ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಎರಡು ಸಲ ತೆಗೆಸಿದ್ದೇವೆ. ಹೋದ ತಿಂಗಳು ಒಂದು ರಾತ್ರಿ ಬಚ್ಚಲುಮನೆ ಯಾವುದು, ಅಡುಗೆಮನೆ ಯಾವುದು ಅಂತ ತಿಳಿಯದೆ ಓಡಾಡಿದರು. ರಕ್ತದಲ್ಲಿ ಅಮೋನಿಯಾ ಜಾಸ್ತಿಯಾಗಿದೆ ಅಂದರು ಡಾಕ್ಟರು. ಅವತ್ತಿಂದ ನಮ್ಮ ಅತ್ತೆ ಬೇಳೆ, ಮೊಟ್ಟೆ, ಹಾಲು ಎಲ್ಲಾ ನಿಲ್ಲಿಸಿ ಬರೀ ಗಂಜಿ, ತಿಳಿಸಾರು ಕೊಡಿಸುತ್ತಿದ್ದಾರೆ. ಡಾಕ್ಟರು ನೋಡಿದರೆ ಪ್ರೊಟೀನ್ ಪೌಡರ್ ಬರೆದಿದ್ದಾರೆ. ಯಾರ ಮಾತು ಕೇಳಲಿ? ತೂಕವೇನೂ ಇಳಿದಿಲ್ಲ, 68 ಕೆಜಿಯೇ ಇದ್ದಾರೆ.
— ಓದುಗರೊಬ್ಬರು, ದಾವಣಗೆರೆ

ಉತ್ತರ: ಮೊದಲು ಆ 68 ಕೆಜಿ ಮರೆತುಬಿಡಿ. ಅದರಲ್ಲಿ ಹೊಟ್ಟೆಯ ನೀರೂ ಸೇರಿದೆ, ತಕ್ಕಡಿಗೆ ನೀರು ಯಾವುದು ಮಾಂಸ ಯಾವುದು ಗೊತ್ತಾಗಲ್ಲ ಅಲ್ವಾ? ಅವರ ತೋಳು ನೋಡಿ. ಎರಡು ವರ್ಷದ ಹಿಂದಿನ ಅಂಗಿ ಹಾಕಿಸಿ. ಹೊಟ್ಟೆ ಹತ್ತಿರ ಗುಂಡಿ ಹಾಕಲು ಬರದೆ, ತೋಳು ಮಾತ್ರ ಜೋಲಾಡುತ್ತಿದ್ದರೆ ಮೈಯ ಮಾಂಸ ಕರಗಿದೆ ಅಂತಲೇ ಅರ್ಥ.

ನಿಮ್ಮ ಅತ್ತೆಯವರ ಮೇಲೆ ಸಿಟ್ಟು ಬೇಡ. ಒಂದು ಕಾಲದಲ್ಲಿ ಡಾಕ್ಟರುಗಳೇ ಹಾಗೆ ಹೇಳುತ್ತಿದ್ದರು. ಪ್ರೊಟೀನ್‌ನಿಂದ ಅಮೋನಿಯಾ ಆಗುತ್ತದೆ, ಕೆಟ್ಟ ಲಿವರ್‌ಗೆ ಅದನ್ನು ಕಳೆಯಲು ಆಗಲ್ಲ, ಅದು ತಲೆಗೇರಿ ಮಂಪರು ಬರುತ್ತದೆ, ಹಾಗಾಗಿ ಪ್ರೊಟೀನೇ ಬೇಡ ಅನ್ನುವ ಲೆಕ್ಕ. ಆದರೆ ಲಿವರ್ ಕೈಕೊಟ್ಟಾಗ ಅಮೋನಿಯಾವನ್ನು ಹೀರಿಕೊಳ್ಳುವುದು ಮಾಂಸಖಂಡ. ಊಟ ನಿಲ್ಲಿಸಿದರೆ ಅದೇ ಕರಗುತ್ತದೆ. 2004ರಲ್ಲಿ ಸ್ಪೇನ್‌ನ ಡಾಕ್ಟರುಗಳು ಹೀಗೆ ಮಂಪರು ಬಂದು ದಾಖಲಾದವರಲ್ಲಿ ಕೆಲವರಿಗೆ ಪ್ರೊಟೀನ್ ಕಡಿಮೆ ಮಾಡಿದರು, ಉಳಿದವರಿಗೆ ಮೊದಲ ದಿನದಿಂದಲೇ ಮಾಮೂಲಿಯಷ್ಟು ಕೊಟ್ಟರು. ಮಂಪರು ಇಳಿಯುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಕಡಿಮೆ ತಿಂದವರ ಮೈ ಮಾತ್ರ ಹೆಚ್ಚು ಕರಗಿತ್ತು.

ಈಗಿನ ಲೆಕ್ಕ ಹೀಗಿದೆ. ನೀರಿಲ್ಲದ ತೂಕದ ಪ್ರತಿ ಕೆಜಿಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೊಟೀನ್, 30ರಿಂದ 35 ಕ್ಯಾಲರಿ. ಇವರದು 60 ಕೆಜಿ ಅಂತ ಇಟ್ಟುಕೊಂಡರೆ 72ರಿಂದ 90 ಗ್ರಾಂ ಪ್ರೊಟೀನ್. ಗಂಜಿ, ತಿಳಿಸಾರಲ್ಲಿ ಇಷ್ಟು ಎಲ್ಲಿಂದ ಬರಬೇಕು? ಬೇಳೆ ಕೆಳಗೆ ಉಳಿದಿರುತ್ತದೆ, ನೀವು ಮೇಲಿನ ನೀರು ಕೊಡುತ್ತಿದ್ದೀರಿ! ಎರಡು ಮೊಟ್ಟೆಯಲ್ಲಿ 12 ಗ್ರಾಂ, ಎರಡು ಲೋಟ ಹಾಲಲ್ಲಿ ಇನ್ನೊಂದು 12, ಎರಡು ಬಟ್ಟಲು ಗಟ್ಟಿ ಬೇಳೆಯಲ್ಲಿ 14, ಒಂದು ಹಿಡಿ ಹುರಿಗಡಲೆಯಲ್ಲಿ 6, ಅಂಗೈಯಗಲ ಪನೀರ್‌ನಲ್ಲಿ 9. ಉಳಿದದ್ದು ಮುದ್ದೆ, ಅನ್ನ, ಚಪಾತಿಯಿಂದ ಬರುತ್ತದೆ. ಕಾಳು, ಹಾಲು, ಮೊಸರಿನ ಪ್ರೊಟೀನ್ ಇಂಥವರಿಗೆ ಚೆನ್ನಾಗಿ ಒಗ್ಗುತ್ತದೆ. ಹೊಟ್ಟೆಯಲ್ಲಿ ನೀರಿದ್ದಾಗ ಎರಡು ತುತ್ತಿಗೇ ಸಾಕು ಅನ್ನಿಸುತ್ತದೆ, ಹಾಗಾಗಿ ಮೂರು ದೊಡ್ಡ ಊಟ ಬಿಟ್ಟು ಆರು ಸಲ ಸ್ವಲ್ಪ ಸ್ವಲ್ಪ ಕೊಡಿ.

ಎಲ್ಲಕ್ಕಿಂತ ಮುಖ್ಯ ರಾತ್ರಿ. ಎಂಟಕ್ಕೆ ಉಂಡು ಬೆಳಿಗ್ಗೆ ಎಂಟಕ್ಕೆ ತಿಂಡಿ ಅಂದರೆ ನಮಗೆ ಏನೂ ಅನ್ನಿಸಲ್ಲ. ಇವರ ಲಿವರ್‌ನಲ್ಲಿ ಸಕ್ಕರೆಯ ದಾಸ್ತಾನೇ ಕಡಿಮೆ. ಆ ಒಂದು ರಾತ್ರಿ ನಮಗೆ ಎರಡು ಮೂರು ದಿನ ಉಪವಾಸ ಇದ್ದ ಹಾಗೆ, ನಿದ್ದೆಯಲ್ಲೇ ಮೈ ತನ್ನ ಮಾಂಸ ತಾನೇ ತಿನ್ನುತ್ತದೆ. ಮಲಗುವ ಮುಂಚೆ ರಾಗಿ ಮಾಲ್ಟ್ ಮಾಡಿ ಹಾಲು ಹಾಕಿ ಕೊಡಿ, ಇಲ್ಲ ಎರಡು ಚಪಾತಿ ಹಾಲಲ್ಲಿ ನೆನೆಸಿ ಕೊಡಿ. ಶುಗರ್ ಇದ್ದರೆ ಏನು, ಎಷ್ಟು ಅಂತ ಡಾಕ್ಟರನ್ನು ಕೇಳಿ.

ಪೌಡರ್ ವಿಷಯ. ಊಟದಲ್ಲಿ ಲೆಕ್ಕ ತುಂಬದಿದ್ದರೆ ಡಾಕ್ಟರು ಬರೆದದ್ದನ್ನೇ ಕೊಡಿ, ಜಿಮ್ ಹುಡುಗರ ಡಬ್ಬ ತರಬೇಡಿ. 2024ರಲ್ಲಿ ಕೇರಳದ ಡಾಕ್ಟರುಗಳು ನಮ್ಮ ದೇಶದಲ್ಲಿ ಮಾರುವ 36 ಪ್ರೊಟೀನ್ ಪೌಡರ್ ಪರೀಕ್ಷೆ ಮಾಡಿಸಿದಾಗ ಸುಮಾರು 70 ಪರ್ಸೆಂಟ್ ಡಬ್ಬಗಳ ಮೇಲೆ ಬರೆದದ್ದಕ್ಕೂ ಒಳಗೆ ಇದ್ದದ್ದಕ್ಕೂ ತಾಳೆಯಾಗಲಿಲ್ಲ. ಬಿಸಿಎಎ ಅಂತ, ಪ್ರೊಟೀನ್‌ನ ಕೆಲವು ಬಿಡಿ ಅಂಶಗಳಷ್ಟೇ (ಅಮೈನೋ ಆಮ್ಲ) ಇರುವ ದುಬಾರಿ ಪುಡಿಯೊಂದಿದೆ. ಊಟದ ಪ್ರೊಟೀನ್ ಒಗ್ಗದವರಿಗೆ ಅದು ಉಪಯೋಗ, ಬೇಳೆ ತಿನ್ನಬಲ್ಲವರು ಅದಕ್ಕೆ ಸುಮ್ನೆ ಸಾಲ ಮಾಡಬೇಕಿಲ್ಲ.

ಕಡಿಮೆ ಮಾಡಬೇಕಾದ್ದು ಉಪ್ಪನ್ನು. ಇಡೀ ದಿನಕ್ಕೆ ಒಂದು ಚಹಾ ಚಮಚ, ಉಪ್ಪಿನಕಾಯಿ ಹಪ್ಪಳ ಬೇಡವೇ ಬೇಡ. ಲೋ ಸೋಡಿಯಂ ಉಪ್ಪು ಕೂಡ ಕೇಳದೆ ತರಬೇಡಿ, ಅದರಲ್ಲಿ ಪೊಟ್ಯಾಶಿಯಂ ಇರುತ್ತದೆ, ನೀರಿಳಿಸುವ ಕೆಲವು ಮಾತ್ರೆಗಳ ಜತೆ ಅಪಾಯ. ಲ್ಯಾಕ್ಟುಲೋಸ್ (ಮಲ ಸಡಿಲ ಮಾಡಿ ಅಮೋನಿಯಾ ಹೊರಹಾಕುವ ಸಿರಪ್) ಬರೆದಿದ್ದರೆ ಬಿಡಬೇಡಿ, ದಿನಕ್ಕೆ ಎರಡು ಮೂರು ಸಲ ಮಲ ಮೆತ್ತಗೆ ಹೋಗಬೇಕು. ಮತ್ತೆ ಮಾತು ತಡವರಿಸಿದರೆ, ಹಗಲಲ್ಲೇ ತೂಗಡಿಸಿದರೆ, ಮಲ ಕಪ್ಪಗೆ ಹೋದರೆ ಊಟದ ಚರ್ಚೆ ಬಿಟ್ಟು ಆಸ್ಪತ್ರೆಗೆ ಹೊರಡಿ.

ಪ್ರಶ್ನೆ: ನಮ್ಮ ತಂದೆಗೂ ಸಿರೋಸಿಸ್. ಅಮೃತಬಳ್ಳಿ ಕಷಾಯ ಕೊಡಬಹುದಾ? ಹಿತ್ತಲಲ್ಲೇ ಬೆಳೆದಿದೆ.
— ಓದುಗರೊಬ್ಬರು, ಶಿರಸಿ

ಉತ್ತರ: ಬೇಡ. ಅದನ್ನು ಕುಡಿದು ಲಿವರ್‌ಗೆ ಏಟು ಬಿದ್ದವರ ಬಗ್ಗೆ ಮುಂಬೈ ಡಾಕ್ಟರುಗಳು 2021ರಲ್ಲೇ ಬರೆದಿದ್ದಾರೆ. ಬಳ್ಳಿ ಹಿತ್ತಲಲ್ಲೇ ಇರಲಿ, ಅಪ್ಪನಿಗೆ ರಾತ್ರಿ ಒಂದು ಲೋಟ ಹಾಲು ಕೊಡಿ.